ಶಾಲೆಯ ಗೀತನಾಟಕಕ್ಕೆ ಕಾರ್ಯಕ್ರಮ ಪುಸ್ತಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳಲ್ಲಿ ಡಿಸೆಂಬರ್ ಹತ್ತಿರ ಬಂತೆಂದರೆ ವಾರ್ಷಿಕೋತ್ಸವದ ಗಡಿಬಿಡಿ. ನಮ್ಮ ಶಾಲೆಯ ಗೀತನಾಟಕದ ಪುಸ್ತಿಕೆ ಮಾಡುವ ಕೆಲಸ ಹಲವು ವರ್ಷಗಳಿಂದ ನನ್ನ ತಲೆಗೇ ಬಂದಿದೆ. ಹಾಗಾಗಿ ಬೇರೆ ಶಾಲೆಯ ಟೀಚರುಗಳು, ಪಿಟಿಎಯವರು (ರಕ್ಷಕ ಶಿಕ್ಷಕ ಸಂಘದವರು) ಫೋನ್ ಮಾಡಿ, ಕಾಗದ ಬರೆದು, ಮದುವೆಮನೆಯಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆದು ಕೇಳುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಶುರು ಮಾಡುವ ಮೊದಲು

ಆಮಂತ್ರಣ ಪತ್ರಿಕೆ ಹೇಗೂ ಅಚ್ಚಾಗುತ್ತದಲ್ಲ, ಇನ್ನೊಂದು ಪುಸ್ತಿಕೆ ಯಾಕೆ?

ಆಮಂತ್ರಣ ಇರುವುದು ಕರೆಯುವುದಕ್ಕೆ. ಅದರಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ದಪ್ಪಕ್ಷರದಲ್ಲಿ ಇರುತ್ತಾರೆ. ಮಕ್ಕಳಿಗೆ ಸಿಗುವುದು ಕೊನೆಯ ಒಂದು ಸಾಲು: ‘ವಿದ್ಯಾರ್ಥಿಗಳಿಂದ ಸಾಂಸ್ಕೃತಿಕ ಕಾರ್ಯಕ್ರಮ’. ಪುಸ್ತಿಕೆಯನ್ನು ಆ ದಿನ ಬಾಗಿಲಲ್ಲಿ ಕೈಗೆ ಕೊಡುತ್ತೇವೆ. ಈಗ ಹಾಡುತ್ತಿರುವ ಹುಡುಗಿ ಯಾರು, ಕಥೆ ಎಲ್ಲಿಗೆ ಬಂತು, ಇನ್ನೆಷ್ಟು ದೃಶ್ಯ ಉಂಟು ಎಂದು ಕೂತಲ್ಲೇ ನೋಡಿಕೊಳ್ಳಬಹುದು. ಹಾಡಿನ ನಾಟಕದಲ್ಲಿ ಇದು ಬೇಕೇ ಬೇಕು. ಮೈಕು ಕೀರಲು ದನಿ ಮಾಡಿದರೆ ಹಾಡಿನ ಅರ್ಧ ಮಾತು ಕೇಳಿಸುವುದಿಲ್ಲ, ಕಥೆಯೂ ಅಲ್ಲೇ ಕೈತಪ್ಪುತ್ತದೆ.

ಒಳಗೆ ಏನೇನು ಇರಲೇಬೇಕು?

ನಾಟಕದ ಹೆಸರು, ಬರೆದವರು, ಸಂಗೀತ ಹಾಕಿದವರು, ನಿರ್ದೇಶಿಸಿದವರು. ಶಾಲೆಯ ಹೆಸರು, ದಿನ, ಹೊತ್ತು, ಜಾಗ. ಪಾತ್ರವರ್ಗ. ದೃಶ್ಯಗಳ ಕ್ರಮದಲ್ಲಿ ಹಾಡುಗಳ ಪಟ್ಟಿ, ಪ್ರತಿ ಹಾಡಿನ ಎದುರು ಹಾಡುವವರ ಹೆಸರು. ವಾದ್ಯದವರು. ಬಣ್ಣ, ಬಟ್ಟೆ, ಬೆಳಕು, ಧ್ವನಿ, ರಂಗಸಜ್ಜಿಕೆ ನೋಡಿಕೊಂಡವರು. ಕೊನೆಗೆ ಕೃತಜ್ಞತೆ. ನಡುವೆ ವಿರಾಮ ಇದ್ದರೆ ಯಾವ ದೃಶ್ಯದ ನಂತರ, ಎಷ್ಟು ನಿಮಿಷ ಎಂದು ಬರೆಯಿರಿ. ಇಲ್ಲದಿದ್ದರೆ ಚಹಾಕ್ಕೆ ಹೋದವರು ನಾಟಕ ಮುಗಿದ ಮೇಲೆಯೇ ಬರುವುದು.

ಕಥಾಸಾರ ಎಂಟು ಹತ್ತು ವಾಕ್ಯ ಸಾಕು. ಕೊನೆ ಏನಾಯಿತು ಎಂದು ಬರೆಯಬೇಡಿ.

ಶುಭ ಸಂದೇಶಗಳ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಹೆಡ್ಮಾಷ್ಟ್ರ ನಾಲ್ಕು ಮಾತು ಇರಲಿ, ಅರ್ಧ ಪುಟದಲ್ಲಿ. ಮೆನೇಜರು, ಪಿಟಿಎ ಅಧ್ಯಕ್ಷರು, ಮಾತೃಸಂಘದವರು, ಪಂಚಾಯತಿನವರು ಎಲ್ಲರದ್ದೂ ಫೋಟೋ ಸಮೇತ ಹಾಕುತ್ತಾ ಹೋದರೆ ಮಕ್ಕಳ ಹೆಸರು ಇರುವೆ ಸಾಲಿನ ಹಾಗೆ ಚಿಕ್ಕದಾಗುತ್ತದೆ. ಜಾಗ ಸಾಲದಿದ್ದರೆ ಮೊದಲು ಕತ್ತರಿಸಬೇಕಾದ್ದು ಸಂದೇಶವನ್ನು.

ಎಷ್ಟು ದಿನ ಮೊದಲು ಕೆಲಸಕ್ಕೆ ಕೂರಬೇಕು?

ಪಾತ್ರ ಹಂಚಿದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಹೆಸರಿನ ಪಟ್ಟಿ ಶುರುವಾಗಲಿ. ಮೂರು ವಾರ ಇರುವಾಗ ಬರಹವೆಲ್ಲ ಮುಗಿದಿರಬೇಕು. ಎರಡು ವಾರ ಇರುವಾಗ ಮೊದಲ ಪ್ರೂಫ್, ಅಂದರೆ ತಪ್ಪು ತಿದ್ದಲು ಪ್ರೆಸ್ಸಿನವರು ಕೊಡುವ ಮಾದರಿ ಪ್ರತಿ. ಹತ್ತು ದಿನ ಇರುವಾಗ ಕೊನೆಯದು. ನಾಟಕಕ್ಕೆ ನಾಲ್ಕೈದು ದಿನ ಇರುವಾಗ ಕಟ್ಟು ನಿಮ್ಮ ಸ್ಟಾಫ್‌ರೂಮಿನಲ್ಲಿ ಇರಬೇಕು. ಇಷ್ಟು ಮುಂಚೆ ಯಾಕೆಂದರೆ, ನಮ್ಮ ಕಡೆ ಡಿಸೆಂಬರಿನಿಂದ ಆಚೆಗೆ ಪ್ರೆಸ್ಸುಗಳಲ್ಲಿ ಮದುವೆ ಕಾಗದ, ಜಾತ್ರೆ, ಬ್ರಹ್ಮಕಲಶ, ಯಕ್ಷಗಾನ ಬಯಲಾಟದ ನೋಟೀಸುಗಳದ್ದೇ ರಾಶಿ. ಶಾಲೆಯ ಮುನ್ನೂರು ಪ್ರತಿಯ ಕೆಲಸ ಆ ರಾಶಿಯ ಅಡಿಗೆ ಹೋಗುತ್ತದೆ.

ಎಷ್ಟು ಪ್ರತಿ ಮಾಡಿಸುವುದು? ಒಂದು ವರ್ಷ ಉಳಿಯುತ್ತದೆ, ಒಂದು ವರ್ಷ ಸಾಲದು.

ಕುರ್ಚಿ ಲೆಕ್ಕ ಹಾಕಬೇಡಿ, ಮನೆ ಲೆಕ್ಕ ಹಾಕಿ. ಶಾಲೆಯಲ್ಲಿ 240 ಮಕ್ಕಳು ಇದ್ದಾರೆ ಎಂದಿಟ್ಟುಕೊಳ್ಳಿ. ಅಣ್ಣ ತಂಗಿ ಒಂದೇ ಶಾಲೆಯಲ್ಲಿ ಇರುವುದರಿಂದ ಮನೆ 170 ಆಗಬಹುದು. ಮನೆಗೊಂದು ಪ್ರತಿ. ನಾಟಕದಲ್ಲಿ ಇರುವ 60 ಮಕ್ಕಳಿಗೆ ಅವರದ್ದೇ ಒಂದೊಂದು. ಅದು ಅವರು ಇಟ್ಟುಕೊಳ್ಳುವ ಪ್ರತಿ, ಅಪ್ಪ ಮಡಚಿ ಬೀಸಣಿಗೆ ಮಾಡಿಕೊಳ್ಳುವುದು ಬೇರೆ. ಅತಿಥಿಗಳು, ಟೀಚರುಗಳು, ಹಳೆ ವಿದ್ಯಾರ್ಥಿಗಳಿಗೆ 40. ಒಟ್ಟು 270. ಮೇಲೆ ಶೇಕಡಾ ಹತ್ತು ಸೇರಿಸಿದರೆ ಸುಮಾರು 300. ಎರಡು ಪ್ರತಿ ಶಾಲೆಯ ಕಡತಕ್ಕೆ ತೆಗೆದಿಡಲು ಮರೆಯಬೇಡಿ.

ಪಿಟಿಎ ಹತ್ತಿರ ದುಡ್ಡಿಲ್ಲ. ಒಂದು ಹಾಳೆಯಲ್ಲಿ ಮುಗಿಸಬಹುದಾ?

ಧಾರಾಳವಾಗಿ. ಎ4 ಹಾಳೆಯನ್ನು ನಡುವೆ ಮಡಚಿದರೆ ಎ5 ಅಳತೆಯ ನಾಲ್ಕು ಪುಟ ಸಿಗುತ್ತದೆ. ಮುಖಪುಟ, ಪಾತ್ರವರ್ಗ, ಹಾಡುಗಳ ಪಟ್ಟಿ, ಹಿಂದೆ ದುಡಿದವರು. ಎರಡೂ ಬದಿ ಜೆರಾಕ್ಸ್ ಹೊಡೆಸಿ, ಮಕ್ಕಳೇ ಕೂತು ಮಡಚಿದರಾಯಿತು. ಮೂರು ಮಡಿಕೆ ಮಾಡುವುದಾದರೆ ಒಳಗೆ ಮಡಚಿ ಹೋಗುವ ಪಟ್ಟಿಯನ್ನು ಸ್ವಲ್ಪ ಕಿರಿದು ಮಾಡಿ. 297 ಮಿ.ಮೀ. ಉದ್ದವನ್ನು 100, 100, 97 ಎಂದು ಭಾಗ ಮಾಡಿದರೆ ಸರಿಯಾಗಿ ಕೂರುತ್ತದೆ. ಸಮ ಭಾಗ ಮಾಡಿದರೆ ಒಳಗಿನದ್ದು ಸೊಟ್ಟಗೆ ಎದ್ದು ನಿಲ್ಲುತ್ತದೆ.

ಮುಖಪುಟಕ್ಕೆ ಚಿತ್ರ ಬೇಕಿದ್ದರೆ ಮಕ್ಕಳಿಂದ ಕಪ್ಪು ಪೆನ್ನಿನಲ್ಲಿ ಬಿಳಿ ಹಾಳೆಯ ಮೇಲೆ ಬಿಡಿಸಿ. ಪೆನ್ಸಿಲ್ ಗೆರೆ ಜೆರಾಕ್ಸಿನಲ್ಲಿ ಮಾಯವಾಗುತ್ತದೆ.

## ಹೆಸರುಗಳು

ಮಕ್ಕಳ ಹೆಸರು ಶಾಲೆಯ ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಹೇಗೆ ಬರೆಯೋದು ಅಂತಲೇ ಗೊತ್ತಾಗುವುದಿಲ್ಲ.

ಪುಸ್ತಿಕೆಯ ಕೆಲಸದಲ್ಲಿ ಅರ್ಧ ಪಾಲು ಇದೇ. ಕಾಸರಗೋಡಿನಲ್ಲಿ ಒಂದೇ ತರಗತಿಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲರದ್ದೂ ಒಂದೇ ಥರ ಕಾಣುತ್ತದೆ. ಇಂಗ್ಲಿಷಿನ ಟಿ-ಎಚ್ ನಮ್ಮ ಕಡೆ ಹೆಚ್ಚಾಗಿ ‘ತ’. ಫೋನಿನಲ್ಲಿ ಟೈಪ್ ಮಾಡಿದವರು ಅದನ್ನು ‘ಥ’ ಮಾಡಿಬಿಡುತ್ತಾರೆ. ಆತಿರ ಹೋಗಿ ‘ಅಥಿರಾ’, ಸ್ವಾತಿ ಹೋಗಿ ‘ಸ್ವಾಥಿ’, ಫಾತಿಮತ್ ಹೋಗಿ ‘ಫಾಥಿಮಥ್’. ಮಲಯಾಳದ ಹೆಸರುಗಳಲ್ಲಿ ಕೊನೆಯ ಅಕ್ಷರ ಗಿಡ್ಡ. ಅನಘ ಎಂದು ಮನೆಯಲ್ಲಿ ಕರೆಯುವ ಹುಡುಗಿಯನ್ನು ನಾವು ಕನ್ನಡದ ಅಭ್ಯಾಸದಲ್ಲಿ ‘ಅನಘಾ’ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಝಡ್-ಎಚ್ ಎಂದು ಬರೆಯುವ ಮಲಯಾಳದ ಅಕ್ಷರಕ್ಕೆ ಕನ್ನಡದಲ್ಲಿ ‘ಳ’ ಹಾಕುವುದು ರೂಢಿ, ಆಲಪ್ಪುಳ ಎಂದು ಬರೆಯುವ ಹಾಗೆ. ‘ಝ’ ಹಾಕಿದರೆ ನಗೆಪಾಟಲು.

ಇದಕ್ಕೆಲ್ಲ ನಿಯಮ ಹುಡುಕುತ್ತಾ ಕೂರಬೇಡಿ. ಮಗುವಿನ ಕೈಗೇ ಒಂದು ಚೀಟಿ ಕೊಡಿ. ‘ನಿನ್ನ ಹೆಸರು ಕನ್ನಡದಲ್ಲಿ ಬರೆದು, ಮನೆಯಲ್ಲಿ ತೋರಿಸಿ, ಸಹಿ ಹಾಕಿಸಿಕೊಂಡು ಬಾ’ ಎನ್ನಿ. ಆ ಚೀಟಿಯಲ್ಲಿ ಇದ್ದದ್ದೇ ಕೊನೆ. ಇನಿಷಿಯಲ್ ಹೆಸರಿನ ಮೊದಲೋ ಆಮೇಲೋ ಎಂಬುದೂ ಅದರಲ್ಲೇ ತೀರ್ಮಾನ ಆಗಲಿ. ನಮ್ಮಲ್ಲಿ ಎರಡೂ ಇದೆ. ಚೀಟಿಗಳನ್ನು ಒಂದು ಲಕೋಟೆಯಲ್ಲಿ ಹಾಕಿ ನಾಟಕ ಮುಗಿಯುವ ತನಕ ಇಟ್ಟುಕೊಳ್ಳಿ.

ಹೆಸರು ಯಾವ ಕ್ರಮದಲ್ಲಿ ಹಾಕೋದು? ಪ್ರತಿ ವರ್ಷ ಯಾರಾದರೂ ಮುಖ ಊದಿಸಿಕೊಳ್ಳುತ್ತಾರೆ.

ರಂಗಕ್ಕೆ ಬರುವ ಕ್ರಮದಲ್ಲಿ ಹಾಕಿ. ನೋಡುವವರಿಗೂ ಅದೇ ಅನುಕೂಲ. ‘ದೊಡ್ಡ ಪಾತ್ರ, ಸಣ್ಣ ಪಾತ್ರ’ ಎಂಬ ಮಾತೇ ಬರುವುದಿಲ್ಲ. ಕೋರಸ್, ಕುಣಿತದವರು, ಮರ, ಮೋಡ, ಮೀನು ಆಗಿ ನಿಂತವರು ಇವರನ್ನೆಲ್ಲ ತರಗತಿ ಪ್ರಕಾರ, ಒಳಗೆ ಅಕಾರಾದಿಯಲ್ಲಿ ಹಾಕಿ. ‘ಮತ್ತು ಇತರರು’ ಎಂದು ಮಾತ್ರ ಬರೆಯಬೇಡಿ, ಯಾವ ಕಾರಣಕ್ಕೂ. ಒಂದೇ ಪಾತ್ರವನ್ನು ಇಬ್ಬರು ಮಾಡುವುದಾದರೆ, ಬಾಲ್ಯದಲ್ಲಿ ಒಬ್ಬ, ಬೆಳೆದ ಮೇಲೆ ಇನ್ನೊಬ್ಬ, ಎರಡೂ ಹೆಸರು ಒಂದರ ಕೆಳಗೆ ಒಂದು ಬರಲಿ. ಪಾತ್ರದ ಹೆಸರು ಎಡಕ್ಕೆ, ಮಗುವಿನ ಹೆಸರು ಬಲಕ್ಕೆ. ನಡುವೆ ಚುಕ್ಕಿಗಳ ಸಾಲು ಹಾಕಿದರೆ ಮಬ್ಬು ಬೆಳಕಲ್ಲಿ ಕಣ್ಣು ಸಾಲು ತಪ್ಪುವುದಿಲ್ಲ.

ನಮ್ಮ ನಾಟಕದಲ್ಲಿ ಚೆಂಡೆಯೂ ಇದೆ, ಕೀಬೋರ್ಡೂ ಇದೆ. ವಾದ್ಯದವರನ್ನು ಎಲ್ಲಿ ಹಾಕೋಣ?

ಯಕ್ಷಗಾನದ ನೋಟೀಸು ನೋಡಿದ್ದೀರಲ್ಲ. ಮೊದಲು ಹಿಮ್ಮೇಳ: ಭಾಗವತರು, ಆಮೇಲೆ ಚೆಂಡೆ ಮದ್ದಳೆ, ಚಕ್ರತಾಳ. ಅದಾದ ಮೇಲೆ ಮುಮ್ಮೇಳ, ಅಂದರೆ ವೇಷಧಾರಿಗಳು. ಆಟ ನಡೆಸುವವರು ಭಾಗವತರು, ಹಾಗಾಗಿ ಹೆಸರೂ ಮೊದಲು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸುತ್ತಮುತ್ತ ಇದ್ದುಕೊಂಡು ನಾವು ಬೇರೆ ಕ್ರಮ ಯಾಕೆ ಹುಡುಕಬೇಕು? ನಾನು ಗೀತನಾಟಕಕ್ಕೂ ಹಾಡುವವರನ್ನು, ನುಡಿಸುವವರನ್ನು ಪಾತ್ರವರ್ಗಕ್ಕಿಂತ ಮೇಲೆ ಹಾಕುತ್ತೇನೆ. ಹೊರಗಿನಿಂದ ದುಡ್ಡು ಕೊಟ್ಟು ಕರೆಸಿದ ಕಲಾವಿದರು, ಶಾಲೆಯ ಮಕ್ಕಳು ಎಂದು ಬೇರೆ ಬೇರೆ ಸಾಲು ಮಾಡಿದರೆ ಸಾಕು. ಹಾಡು ರೆಕಾರ್ಡ್ ಮಾಡಿ ಹಾಕುವುದಾದರೆ ‘ಧ್ವನಿಮುದ್ರಿತ ಸಂಗೀತ’ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ.

ಕೊನೆಯ ವಾರ ಪಾತ್ರ ಬದಲಾದರೆ?

ಆಗಿಯೇ ಆಗುತ್ತದೆ. ಜ್ವರ, ಮಂಪ್ಸ್, ಮನೆಯಲ್ಲಿ ಸೂತಕ, ಏನಾದರೊಂದು. ಎಂಟು ಪುಟದ್ದಾದರೆ ಪಾತ್ರವರ್ಗವನ್ನು ನಡುವಿನ ಹಾಳೆಯಲ್ಲಿ ಇಟ್ಟುಕೊಳ್ಳಿ. ಆ ಹಾಳೆಯನ್ನು ಮಾತ್ರ ಕೊನೆಗೆ ಅಚ್ಚು ಹಾಕಿಸಬಹುದು, ಪಿನ್ ಹೊಡೆಯುವುದು ಆಮೇಲೆ. ಅದೂ ಮೀರಿದರೆ ಅಂಗೈ ಅಗಲದ ಚೀಟಿ: ‘ಇಂದಿನ ಪ್ರದರ್ಶನದಲ್ಲಿ ಈ ಪಾತ್ರ ಇವರಿಂದ’. ಜ್ವರದಲ್ಲಿ ಮಲಗಿದ ಮಗುವಿನ ಹೆಸರು ಪುಸ್ತಿಕೆಯಲ್ಲಿ ಹಾಗೇ ಇರಲಿ, ಅಭ್ಯಾಸ ಮಾಡಿದ್ದು ಅದೂ ಅಲ್ವಾ.

## ಪುಟ, ಕಾಗದ, ಅಕ್ಷರ

ಪ್ರೆಸ್ಸಿನವರು ‘ಪುಟ ನಾಲ್ಕರ ಲೆಕ್ಕದಲ್ಲಿ ಕೊಡಿ’ ಅಂತಾರೆ. ಏನದು?

ನಡುವೆ ಮಡಚಿ ಪಿನ್ ಹೊಡೆಯುವ ಪುಸ್ತಿಕೆಯಲ್ಲಿ ಒಂದು ಹಾಳೆಗೆ ನಾಲ್ಕು ಪುಟ. ಹಾಗಾಗಿ ಒಟ್ಟು ಪುಟ 4, 8, 12, 16 ಹೀಗೇ ಬರಬೇಕು. ಹತ್ತು ಪುಟದ ಪುಸ್ತಿಕೆ ಆಗುವುದಿಲ್ಲ. ಎರಡು ಪುಟ ಕತ್ತರಿಸಿ, ಇಲ್ಲವೇ ಎರಡು ಸೇರಿಸಿ.

ಇನ್ನೊಂದು ಗೊಂದಲ, ಅಚ್ಚಾಗುವಾಗ ಪುಟಗಳು ಓದುವ ಕ್ರಮದಲ್ಲಿ ಇರುವುದಿಲ್ಲ. ಎಂಟು ಪುಟದ್ದಾದರೆ ಹೊರಗಿನ ಹಾಳೆಯ ಒಂದು ಬದಿಯಲ್ಲಿ 8 ಮತ್ತು 1, ಅದರ ಹಿಂದೆ 2 ಮತ್ತು 7. ಒಳಗಿನ ಹಾಳೆಯಲ್ಲಿ 6 ಮತ್ತು 3, ಹಿಂದೆ 4 ಮತ್ತು 5. ಯಾವ ಜೋಡಿ ಕೂಡಿದರೂ 9 ಬರುತ್ತದೆ. 12 ಪುಟದ್ದಾದರೆ 13. ಈ ಲೆಕ್ಕ ಗೊತ್ತಿದ್ದರೆ ತಪ್ಪು ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ. ನಾನು ಮೊದಲ ವರ್ಷ ಪುಟಗಳನ್ನು ನಾನೇ ಜೋಡಿಸಿ ಕೊಟ್ಟೆ. ಪ್ರೆಸ್ಸಿನವರು ಅದನ್ನು ಮತ್ತೊಮ್ಮೆ ಜೋಡಿಸಿದರು. ರಾಜಕುಮಾರಿ ಮೊದಲು ಸತ್ತು ಆಮೇಲೆ ಹುಟ್ಟಿದಳು! ಪುಟಗಳನ್ನು ಬಿಡಿಬಿಡಿಯಾಗಿ, 1ರಿಂದ 8ರ ಕ್ರಮದಲ್ಲಿ ಕೊಡಿ. ಜೋಡಿಸುವುದು ಅವರ ಕೆಲಸ. ನೀವೇ ಶಾಲೆಯ ಪ್ರಿಂಟರಿನಲ್ಲಿ ತೆಗೆಯುವುದಾದರೆ ಪಿಡಿಎಫ್ ತೆರೆಯುವ ಅಡೋಬಿ ರೀಡರಿನಲ್ಲಿ ‘ಬುಕ್ಲೆಟ್’ ಎಂಬ ಆಯ್ಕೆ ಇದೆ, ಅದು ತಾನಾಗಿ ಜೋಡಿಸುತ್ತದೆ.

ಏನೇ ಆಗಲಿ, ಎರಡು ಖಾಲಿ ಹಾಳೆ ಮಡಚಿ, ಪುಟದ ಸಂಖ್ಯೆ ಪೆನ್ನಲ್ಲಿ ಬರೆದು, ಎಲ್ಲಿ ಏನು ಎಂದು ಗುರುತು ಹಾಕಿದ ಒಂದು ಮಾದರಿಯನ್ನು ಪ್ರೆಸ್ಸಿಗೆ ಕೊಡಿ. ಹತ್ತು ಸಲ ಫೋನ್ ಮಾಡುವುದು ತಪ್ಪುತ್ತದೆ.

ಯಾವ ಕಾಗದ ಒಳ್ಳೆಯದು? ಮಿರಮಿರ ಮಿಂಚುವುದು ಹಾಕಿಸೋಣವಾ?

ಒಳಪುಟಕ್ಕೆ 80 ಅಥವಾ 100 ಜಿಎಸ್‌ಎಂ ಮ್ಯಾಪ್ಲಿತೋ, ಅಂದರೆ ಮಿಂಚದ ಸಾದಾ ಕಾಗದ, ಸಾಕು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಮುಖಪುಟಕ್ಕೆ 170ರಿಂದ 220ರ ಆರ್ಟ್ ಕಾಗದ ಹಾಕಿಸಿದರೆ ಕೈಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಳಗೂ ಮಿಂಚುವ ಕಾಗದ ಹಾಕಿದರೆ ರಂಗದ ಬೆಳಕು ಬಿದ್ದು ಅಕ್ಷರ ಕಾಣಿಸುವುದಿಲ್ಲ. ಮೇಲಾಗಿ ಮಕ್ಕಳಿಗೆ ಅದರ ಮೇಲೆ ಗೆಳೆಯರ ಸಹಿ ಹಾಕಿಸಿಕೊಳ್ಳಲು ಆಗುವುದಿಲ್ಲ, ಶಾಯಿ ಒರೆಸಿಹೋಗುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಷನ್ ಬೇಡವೇ ಬೇಡ. ಒಂದು ಸಂಜೆಯ ಪುಸ್ತಿಕೆಗೆ ಅದು ದಂಡ.

ಆಫ್‌ಸೆಟ್ಟಾ, ಡಿಜಿಟಲ್ಲಾ?

ಆಫ್‌ಸೆಟ್ಟಿಗೆ ಮೊದಲು ಪ್ಲೇಟ್ ಮಾಡಬೇಕು. ಬಹುವರ್ಣಕ್ಕೆ ನಾಲ್ಕು ಪ್ಲೇಟ್. ಆ ಖರ್ಚು 100 ಪ್ರತಿಗೂ ಅಷ್ಟೇ, 1000ಕ್ಕೂ ಅಷ್ಟೇ. ಹಾಗಾಗಿ ಇನ್ನೂರು ಮುನ್ನೂರು ಪ್ರತಿಗೆ ಸಾಮಾನ್ಯವಾಗಿ ಡಿಜಿಟಲ್ ಅಗ್ಗ, ಐನೂರು ದಾಟಿದರೆ ಎರಡೂ ಕಡೆ ದರ ಕೇಳಿ. ನಾವು ಮಾಡುವುದು ಹೀಗೆ: ಮುಖಪುಟದ ಹಾಳೆ ಮಾತ್ರ ಬಣ್ಣದ ಡಿಜಿಟಲ್, ಒಳಗಿನದೆಲ್ಲ ಕಪ್ಪು ಬಿಳುಪು. ದರ ಕೇಳುವಾಗ ಮಡಚುವುದು, ಪಿನ್ ಹೊಡೆಯುವುದು, ಅಂಚು ಕತ್ತರಿಸುವುದು ಸೇರಿದೆಯಾ ಎಂದೂ ಕೇಳಿ. ಆಮೇಲೆ ಬಿಲ್ಲಿನಲ್ಲಿ ಕಂಡರೆ ಬೇಜಾರು.

ಬಣ್ಣ ಅಂಚಿನ ತನಕ ಹೋಗಬೇಕಿದ್ದರೆ ಸುತ್ತ 3 ಮಿ.ಮೀ. ಜಾಸ್ತಿ ಬಿಟ್ಟು ಕೊಡಿ, ಕತ್ತರಿಸುವಾಗ ಬಿಳಿ ಗೆರೆ ಉಳಿಯುವುದಿಲ್ಲ. ಅಕ್ಷರಗಳು ಅಂಚಿನಿಂದ 10 ಮಿ.ಮೀ. ಒಳಗೇ ಇರಲಿ.

ನಾನು ಮನೆಯಲ್ಲಿ ಟೈಪ್ ಮಾಡಿದ್ದು ಸರಿಯಾಗಿತ್ತು. ಪ್ರೆಸ್ಸಿಗೆ ಹೋದ ಮೇಲೆ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಯಾಕೆ?

ನೀವು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಟೈಪ್ ಮಾಡಿದ್ದು ಯೂನಿಕೋಡ್, ಈಗಿನ ಫೋನು ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ. ಎಷ್ಟೋ ಪ್ರೆಸ್ಸುಗಳಲ್ಲಿ ಇವತ್ತಿಗೂ ಪುಟ ಜೋಡಿಸುವ ಹಳೆ ತಂತ್ರಾಂಶ ಪೇಜ್‌ಮೇಕರ್, ಅದರ ಜೊತೆಗೆ ನುಡಿಯ ಅಥವಾ ಶ್ರೀಲಿಪಿಯ ಹಳೆ ಫಾಂಟು. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಅರ್ಥವೇ ಆಗುವುದಿಲ್ಲ. ಅವರು ನಿಮ್ಮ ಬರಹವನ್ನು ಹಳೆ ಫಾಂಟಿಗೆ ಪರಿವರ್ತನೆ ಮಾಡುತ್ತಾರೆ. ಆ ದಾರಿಯಲ್ಲಿ ಅರ್ಕಾವತ್ತು ಜಾರುತ್ತದೆ, ಒತ್ತು ಪಕ್ಕಕ್ಕೆ ಹೋಗುತ್ತದೆ.

ಎರಡು ದಾರಿ ಇದೆ. ಪುಟವನ್ನು ನೀವೇ ಪೂರ್ತಿ ಜೋಡಿಸಿ, ಫಾಂಟು ಒಳಗೇ ಸೇರಿಸಿದ ಪಿಡಿಎಫ್ ಕೊಡಿ, ‘ಇದನ್ನು ಮುಟ್ಟಬೇಡಿ, ಹೀಗೇ ಅಚ್ಚು ಹಾಕಿ’ ಎನ್ನಿ. ಇಲ್ಲವೇ ಅವರೇ ಟೈಪ್ ಮಾಡಲಿ, ಆದರೆ ಆಗ ಪ್ರೂಫನ್ನು ಮೊದಲ ಅಕ್ಷರದಿಂದ ಓದಬೇಕು. ಮನೆಯಲ್ಲಿ ನೋಡಿಯಾಗಿದೆ ಎಂದು ಬಿಡುವ ಹಾಗಿಲ್ಲ. ಪುಟ ಜೋಡಿಸಲು ಇನ್‌ಡಿಸೈನ್ ಬಳಸುವವರಾದರೆ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಹಾಕಿಕೊಂಡಿದ್ದಾರಾ ಕೇಳಿ. ಅದಿಲ್ಲದಿದ್ದರೆ ಅಲ್ಲೂ ಒಡೆಯುತ್ತದೆ.

ನನ್ನದೊಂದು ಪರೀಕ್ಷೆಯ ಸಾಲು ಉಂಟು: ‘ಕೃಷ್ಣ, ಸ್ತ್ರೀ, ಜ್ಞಾನೇಶ, ಐಶ್ವರ್ಯ, ಹರ್ಷಿತಾ, ವೈಷ್ಣವಿ’. ಕೆಲಸ ಶುರು ಮಾಡುವ ಮೊದಲೇ ಇದನ್ನು ಅವರ ಕಂಪ್ಯೂಟರಿಗೆ ಹಾಕಿಸಿ ಒಂದು ಪ್ರಿಂಟ್ ತೆಗೆಸಿ. ಐಶ್ವರ್ಯ ಸರಿಯಾಗಿ ಬಂದರೆ ಬಹುತೇಕ ಎಲ್ಲವೂ ಬರುತ್ತದೆ. ಆ ಹೆಸರಿನಲ್ಲಿ ಒತ್ತಕ್ಷರವೂ ಇದೆ, ಅರ್ಕಾವತ್ತೂ ಇದೆ.

ಅಕ್ಷರ ಎಷ್ಟು ದೊಡ್ಡದಿರಬೇಕು?

11 ಪಾಯಿಂಟಿಗಿಂತ ಕಡಿಮೆ ಬೇಡ. ಓದುವವರಲ್ಲಿ ಅಜ್ಜ ಅಜ್ಜಿಯರೇ ಜಾಸ್ತಿ, ಸಭಾಂಗಣದಲ್ಲಿ ಬೆಳಕೂ ಕಡಿಮೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಕನ್ನಡದಲ್ಲಿ ಕೆಳಗೆ ಒತ್ತು, ಮೇಲೆ ಗುಡಿಸು. ಸಾಲು ಒತ್ತೊತ್ತಾದರೆ ಮೇಲಿನ ಸಾಲಿನ ‘ಸ್ತ್ರೀ’ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ಹೆಸರುಗಳ ಹಿಂದೆ ಮಸುಕಾದ ಫೋಟೋ, ಇಂಥ ಅಲಂಕಾರ ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ಚೆಂದ.

ವಾಟ್ಸಾಪಿನಲ್ಲಿ ಬಂದ ಫೋಟೋ ಹಾಕಬಹುದಾ?

ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಅಚ್ಚಿಗೆ ಇಂಚಿಗೆ 300 ಚುಕ್ಕಿ ಬೇಕು. ಪಾಸ್‌ಪೋರ್ಟ್ ಅಳತೆಯ ಮುಖಕ್ಕೆ ಸುಮಾರು 413 ಗುಣಿಸು 531 ಪಿಕ್ಸೆಲ್ ಸಾಕು. ಎ5 ಪುಟದ ಅಗಲಕ್ಕೆ ಹರಡುವ ಗುಂಪಿನ ಫೋಟೋಕ್ಕೆ ಅಗಲದಲ್ಲೇ 1750 ಬೇಕು. ಮಕ್ಕಳ ಫೋಟೋ ಹಾಕುವ ಮೊದಲು ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬೇಡ ಎಂದರೆ ಬೇಡ, ಯಾಕೆ ಎಂದು ಕೇಳಲು ಹೋಗಬೇಡಿ. ಮಗುವಿನ ಮನೆಯ ವಿಳಾಸ, ಫೋನ್ ನಂಬರ್ ಎಲ್ಲೂ ಬರಬಾರದು.

ನಮ್ಮ ಪ್ರೆಸ್ಸಿನ ಹುಡುಗನಿಗೆ ಮಲಯಾಳ ಮಾತ್ರ ಓದಲು ಬರುತ್ತದೆ. ತಪ್ಪು ಹಿಡಿಯುವುದು ಹೇಗೆ?

ಹಿಡಿಯಬೇಕಾದವರು ನೀವೇ. ಅವನು ಅಕ್ಷರವನ್ನು ಚಿತ್ರದ ಹಾಗೆ ನೋಡಿ ಹಾಕುತ್ತಾನೆ. ‘ಘ’ ಇದ್ದಲ್ಲಿ ‘ಫ’, ‘ಧ’ ಇದ್ದಲ್ಲಿ ‘ದ’ ಬಂದರೆ ಅವನಿಗೆ ಗೊತ್ತಾಗುವುದಾದರೂ ಹೇಗೆ? ಆದ್ದರಿಂದ ಕೈಬರಹ ಕೊಡಬೇಡಿ, ಟೈಪ್ ಮಾಡಿದ್ದನ್ನೇ ಕೊಡಿ. ಕೆಲವರು ಈ ಕಾರಣಕ್ಕೇ ಮಂಗಳೂರಿಗೋ ಪುತ್ತೂರಿಗೋ ಹೋಗುತ್ತಾರೆ. ಅಲ್ಲಿಗೆ ಹೋದರೂ ಪ್ರೂಫ್ ನೋಡದಿದ್ದರೆ ಫಲ ಒಂದೇ.

ಪ್ರೂಫನ್ನು ಫೋನಿನಲ್ಲಿ ನೋಡಬೇಡಿ, ಕಾಗದದಲ್ಲಿ ತರಿಸಿ. ಇಬ್ಬರು ಕೂರಬೇಕು. ಒಬ್ಬರು ಮಕ್ಕಳ ಚೀಟಿಗಳನ್ನು ಒಂದೊಂದಾಗಿ ತೆಗೆದು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ರೂಫಿನಲ್ಲಿ ಬೆರಳಿಡಲಿ. ‘ಧನ್ಯ, ಮಹಾಪ್ರಾಣ ಧ’ ಎಂದು ಹೇಳುತ್ತಾ ಓದಬೇಕು. ಟೈಪ್ ಮಾಡಿದವರು ಈ ಇಬ್ಬರಲ್ಲಿ ಇರಬಾರದು, ಅವರ ಕಣ್ಣಿಗೆ ಅವರ ತಪ್ಪು ಕಾಣುವುದಿಲ್ಲ. ಒಮ್ಮೆ ಕೆಳಗಿನಿಂದ ಮೇಲಕ್ಕೂ ಓದಿ. ಆಮೇಲೆ ಆ ಪುಟವನ್ನು ತರಗತಿಯ ಬಾಗಿಲಿಗೆ ಅಂಟಿಸಿ, ಒಂದು ಪೆನ್ನು ದಾರ ಕಟ್ಟಿ ನೇತುಹಾಕಿ. ಪ್ರತಿ ಮಗುವೂ ತನ್ನ ಹೆಸರಿನ ಎದುರು ಒಂದು ಗೀಟು ಹಾಕಲಿ. ಸಂಜೆ ಗೀಟು ಇಲ್ಲದ ಹೆಸರು ಯಾವುದು ನೋಡಿ: ಆ ಮಗು ಬಂದಿಲ್ಲ, ಇಲ್ಲವೇ ಹೆಸರು ಎಷ್ಟು ಕೆಟ್ಟಿದೆ ಎಂದರೆ ಅದಕ್ಕೇ ಗುರುತು ಸಿಕ್ಕಿಲ್ಲ.

ದಿನಾಂಕ ಮತ್ತು ವಾರ ಹೊಂದುತ್ತದಾ ಎಂದು ಕ್ಯಾಲೆಂಡರ್ ತೆರೆದು ನೋಡಿ. ಕಳೆದ ವರ್ಷದ ಫೈಲನ್ನೇ ತಿದ್ದಿ ಮಾಡಿದ್ದರೆ ಎಲ್ಲೋ ಒಂದು ಕಡೆ ಹಳೆ ಇಸವಿ ಕೂತೇ ಇರುತ್ತದೆ.

## ಹಾಡಿನ ಹಕ್ಕು, ಜಾಹೀರಾತು, ಭಾಷೆ

ಹಾಡಿನ ಸಾಹಿತ್ಯ ಪೂರ್ತಿ ಅಚ್ಚು ಹಾಕಬಹುದಾ?

ಹಾಡುವುದು ಬೇರೆ, ಅಚ್ಚು ಹಾಕುವುದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಶಾಲೆಯ ಚಟುವಟಿಕೆಯಾಗಿ ಟೀಚರುಗಳು, ಮಕ್ಕಳು ಸೇರಿ ಹೆತ್ತವರು ಮತ್ತು ಶಾಲೆಗೆ ಸಂಬಂಧಪಟ್ಟವರ ಎದುರು ಆಡಿದರೆ, ಹಾಡಿದರೆ ಹಕ್ಕಿನ ತಕರಾರು ಬರುವುದಿಲ್ಲ. ಟಿಕೆಟ್ ಇಟ್ಟು ಊರವರನ್ನೆಲ್ಲ ಕರೆದರೆ ಆ ರಕ್ಷಣೆಯನ್ನು ನಂಬಿ ಕೂರಬೇಡಿ. ಸಾಹಿತ್ಯವನ್ನು ಪುಸ್ತಿಕೆಯಲ್ಲಿ ಪೂರ್ತಿ ಅಚ್ಚು ಹಾಕುವುದಕ್ಕೆ ಈ ವಿನಾಯಿತಿ ಸಾಕಾಗುವುದಿಲ್ಲ. ಹಕ್ಕು ಇನ್ನೂ ಇರುವ ಹಾಡಾದರೆ ಬರೆದವರನ್ನೋ ಮನೆಯವರನ್ನೋ ಪ್ರಕಾಶಕರನ್ನೋ ಕೇಳಬೇಕು.

ಹಕ್ಕು ಇರುವುದು ಕವಿ ಬದುಕಿರುವ ತನಕ, ತೀರಿಹೋದ ಮೇಲೆ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ನಮ್ಮೂರಿನದ್ದೇ ಉದಾಹರಣೆ ನೋಡಿ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಇರುವಾಗಲೇ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಪಂಜೆ ಮಂಗೇಶರಾಯರು 1937ರಲ್ಲೇ ತೀರಿಕೊಂಡವರು, ಅವರ ಮಕ್ಕಳ ಹಾಡುಗಳಿಗೆ ಯಾರನ್ನೂ ಕೇಳಬೇಕಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ಹೋದರು. ಅವರ ಹಾಡಿನ ಹಕ್ಕು 2075ರ ಕೊನೆಯ ತನಕ ಇರುತ್ತದೆ. ಪಾರ್ತಿಸುಬ್ಬನ ಪ್ರಸಂಗದ ಪದ್ಯಗಳಿಗೆ ಈ ತೊಡಕಿಲ್ಲ. ಆದರೆ ಈಗಿನವರು ಬರೆದ ಪ್ರಸಂಗಕ್ಕೆ ಇದೆ.

ಹಕ್ಕು ಮುಗಿದಿದ್ದರೂ ಕವಿಯ ಹೆಸರು ಹಾಕಲೇಬೇಕು. ‘ಕವಿ: ಸಂಗ್ರಹ’ ಎಂದು ಬರೆಯುವ ಅಭ್ಯಾಸ ಇದೆಯಲ್ಲ, ಅದನ್ನು ಬಿಡೋಣ.

ಸಿನಿಮಾ ಹಾಡಿನ ಧಾಟಿಗೆ ನಮ್ಮ ಮಾಷ್ಟ್ರು ಹೊಸ ಸಾಹಿತ್ಯ ಬರೆದಿದ್ದಾರೆ. ಹೆಸರು ಹೇಗೆ ಹಾಕೋದು?

‘ಸಾಹಿತ್ಯ’ ಎಂದು ಮಾಷ್ಟ್ರ ಹೆಸರು, ‘ಮೂಲ ಧಾಟಿ’ ಎಂದು ಸಿನಿಮಾದ ಮತ್ತು ಸಂಗೀತ ನಿರ್ದೇಶಕರ ಹೆಸರು. ‘ಸಂಗೀತ’ ಎಂಬ ಜಾಗದಲ್ಲಿ ಮಾಷ್ಟ್ರ ಹೆಸರು ಹಾಕಿದರೆ ಸಭಾಂಗಣದಲ್ಲಿ ಇರುವ ಪ್ರತಿಯೊಬ್ಬರಿಗೂ ಸುಳ್ಳು ಗೊತ್ತಾಗುತ್ತದೆ.

ನಮ್ಮದು ಇಂಗ್ಲಿಷ್ ಮೀಡಿಯಂ. ಹೊರದೇಶದ ಮ್ಯೂಸಿಕಲ್ ಲೈಸೆನ್ಸ್ ತೆಗೆದು ಮಾಡುತ್ತಿದ್ದೇವೆ.

ಹಾಗಾದರೆ ಒಪ್ಪಂದ ಪತ್ರವನ್ನು ಮೊದಲು ಓದಿ. ಅಮೆರಿಕದ ಎಂಟಿಐನಂಥ ಲೈಸೆನ್ಸ್ ಕೊಡುವ ಸಂಸ್ಥೆಗಳು ಯಾರ ಹೆಸರು ಯಾವ ಕ್ರಮದಲ್ಲಿ ಬರಬೇಕು, ನಾಟಕದ ಹೆಸರಿಗೆ ಹೋಲಿಸಿದರೆ ಎಷ್ಟು ದೊಡ್ಡ ಅಕ್ಷರ ಇರಬೇಕು, ಅನುಮತಿಯ ವಾಕ್ಯ ಯಾವುದು ಎಂದು ಬರೆದೇ ಕೊಡುತ್ತವೆ. ಅದನ್ನು ಅಕ್ಷರ ಬದಲಿಸದೆ ಹಾಕಬೇಕು. ಲಾಂಛನವನ್ನು ಇಂಟರ್ನೆಟ್ಟಿನಿಂದ ಎತ್ತಿ ಹಾಕಬೇಡಿ, ಅದಕ್ಕೂ ಬೇರೆ ಅನುಮತಿ ಬೇಕಾಗಬಹುದು.

ಜಾಹೀರಾತು ತೆಗೆದುಕೊಂಡು ಖರ್ಚು ಎತ್ತಬಹುದಾ?

ಎತ್ತಬಹುದು. ಪೇಟೆಯ ಬಟ್ಟೆ ಅಂಗಡಿ, ಬೇಕರಿ, ಅಡಿಕೆ ವ್ಯಾಪಾರಿ, ಟೈಲರಿಂಗ್ ಅಂಗಡಿ ಎಲ್ಲರೂ ಕೊಡುತ್ತಾರೆ. ಹೆಚ್ಚಿನವರ ಮಕ್ಕಳು ನಿಮ್ಮಲ್ಲೇ ಕಲಿಯುವವರು. ಒಟ್ಟು ಖರ್ಚನ್ನು ಮೊದಲು ತಿಳಿದುಕೊಂಡು, ಹಿಂಬದಿ ಪುಟ, ಅರ್ಧ ಪುಟ, ಕಾಲು ಪುಟಕ್ಕೆ ಒಂದೇ ದರ ಎಲ್ಲರಿಗೂ ಹೇಳಿ. ಪಿಟಿಎ ಹೆಸರಲ್ಲಿ ರಶೀದಿ ಕೊಡಿ. ಜಾಹೀರಾತನ್ನು ಹೆಸರಿನ ಪುಟಗಳ ನಡುವೆ ತುರುಕಬೇಡಿ, ಕೊನೆಯಲ್ಲಿ ಒಟ್ಟಿಗೆ ಇರಲಿ. ಬಾಯಿಮಾತಲ್ಲಿ ಒಪ್ಪಿದವರ ಜಾಹೀರಾತಿಗೆ ಜಾಗ ಬಿಟ್ಟು ಕಾಯಬೇಡಿ. ಹಾಗೆ ಬಿಟ್ಟ ಕಾಲು ಪುಟದಲ್ಲಿ ನಾವೊಮ್ಮೆ ‘ಪರಿಸರ ಉಳಿಸಿ’ ಎಂದು ಬರೆದು ಮಾನ ಉಳಿಸಿಕೊಂಡೆವು.

ಕನ್ನಡ ಮಾತ್ರ ಸಾಕಾ, ಮಲಯಾಳವೂ ಬೇಕಾ?

1956ರ ನವೆಂಬರ್ 1ರಿಂದ ನಾವು ಕೇರಳದವರು. ಶಿಕ್ಷಣ ಇಲಾಖೆಯಿಂದ ಬರುವವರಲ್ಲಿ, ಅಕ್ಕಪಕ್ಕದ ಮನೆಯವರಲ್ಲಿ ಕನ್ನಡ ಓದಲು ಬಾರದವರು ಇದ್ದೇ ಇರುತ್ತಾರೆ. ನಾಟಕ ಕನ್ನಡದ್ದು, ಪುಸ್ತಿಕೆಯೂ ಕನ್ನಡದ್ದೇ ಆಗಿರಲಿ. ಕಥಾಸಾರವನ್ನು ಮಾತ್ರ ಮಲಯಾಳದಲ್ಲಿ ಅರ್ಧ ಪುಟ ಹಾಕಿ. ಅದನ್ನು ಮಲಯಾಳ ಟೀಚರ್ ಹತ್ತಿರವೇ ಬರೆಸಿ, ಫೋನಿನ ಅನುವಾದ ಹಾಕಿ ನಗಿಸಬೇಡಿ. ಹೆಸರುಗಳನ್ನು ಎರಡು ಲಿಪಿಯಲ್ಲಿ ಹಾಕಲು ಹೊರಟರೆ ಪುಟ ಇಮ್ಮಡಿ, ತಪ್ಪೂ ಇಮ್ಮಡಿ.

ಎಲ್ಲ ಅಚ್ಚಾಗಿ ಬಂದ ಮೇಲೆ ಒಂದು ಹೆಸರು ಬಿಟ್ಟುಹೋದದ್ದು ಕಂಡಿತು. ಏನು ಮಾಡೋಣ?

ಸಮಯ ಇದ್ದರೆ ಆ ಹಾಳೆ ಮಾತ್ರ ಮತ್ತೆ ಹಾಕಿಸಿ. ಇಲ್ಲದಿದ್ದರೆ ಹೆಸರು ಅಚ್ಚಾದ ಸಣ್ಣ ಚೀಟಿಯನ್ನು ಎಲ್ಲ ಪ್ರತಿಗೂ ಅಂಟಿಸಿ. ಅದಕ್ಕೂ ಸಮಯ ಇಲ್ಲದಿದ್ದರೆ ನಾಟಕ ಶುರುವಾಗುವ ಮೊದಲು ಮೈಕಿನಲ್ಲಿ ಹೆಸರು, ತರಗತಿ, ಪಾತ್ರ ಹೇಳಿ. ಮುಗಿದ ಮೇಲೆ ಹೇಳಿದರೆ ಎದ್ದು ಹೋಗುವವರ ಕುರ್ಚಿ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಮಗುವಿಗೂ ಮನೆಯವರಿಗೂ ಮೊದಲೇ ನೀವಾಗಿ ತಿಳಿಸಿ.

ನನ್ನಿಂದಲೇ ಒಂದು ವರ್ಷ ಹಾಗಾಯಿತು. ಪರದೆ ಎಳೆಯುವ ಹುಡುಗ, ಆರನೇ ತರಗತಿಯವನು. ಎರಡು ದೃಶ್ಯದಲ್ಲಿ ಕಲ್ಲಾಗಿಯೂ ಕೂತಿದ್ದ. ಅವನ ಚೀಟಿ ಲಕೋಟೆಯ ತಳಕ್ಕೆ ಅಂಟಿಕೊಂಡು ಉಳಿದುಹೋಗಿತ್ತು. ನಾಟಕದ ಬೆಳಿಗ್ಗೆ ಗೊತ್ತಾಗಿ ಕರೆದು ಹೇಳಿದೆ. ‘ಆಗಲಿ ಟೀಚರ್’ ಎಂದು ಹೋದ. ಮಧ್ಯಾಹ್ನ ಸ್ಟಾಫ್‌ರೂಮಿಗೆ ಬಂದು ನೋಡಿದರೆ ಗೆಳೆಯರಿಬ್ಬರನ್ನು ಕೂರಿಸಿಕೊಂಡು ಕಟ್ಟು ಬಿಚ್ಚಿ, ಒಂದೊಂದರಲ್ಲೂ ಬಾಲ್‌ಪೆನ್ನಿನಲ್ಲಿ ಹೆಸರು ಬರೆಯುತ್ತಿದ್ದ. ಸಾಲು ನೇರ, ಇನಿಷಿಯಲ್ ಸರಿ, ಎದುರಿಗೆ ‘ಪರದೆ ಮತ್ತು ಕಲ್ಲು’. ನೂರ ಎಂಬತ್ತು ಪ್ರತಿ ಮುಗಿದಿತ್ತು. ಉಳಿದದ್ದಕ್ಕೆ ನಾನೂ ಒಂದು ಪೆನ್ನು ತೆಗೆದುಕೊಂಡು ಕೂತೆ.